ಸೆರೆಯಿಂದ ಮತ ಕೇಳಿದ ನಾಯಕ

2018ರ ಜೂನ್ ತಿಂಗಳ ಮೊದಲ ವಾರ. ಆಗ್ನೇಯ ತುರ್ಕಿಯ ದಿಯಾರ್‌ಬಕಿರ್ ನಗರದ ಒಂದು ಮನೆಯಲ್ಲಿ ಜನ ಫೋನಿನ ಸುತ್ತ ಕುಳಿತಿದ್ದರು. ಶಾಲಾ ಶಿಕ್ಷಕಿ ಬಶಾಕ್ ದೆಮಿರ್ತಾಶ್ ಅವರಿಗೆ ಜೈಲಿನಿಂದ ಗಂಡನ ಕರೆ ಬರಬೇಕಿತ್ತು. ಆ ಜೈಲಿನಲ್ಲಿ ಕೈದಿಗಳಿಗೆ ಹದಿನೈದು ದಿನಕ್ಕೊಮ್ಮೆ ಹತ್ತು ನಿಮಿಷ ಮನೆಯವರೊಡನೆ ಮಾತಾಡುವ ಅವಕಾಶ. ಕರೆ ಬಂತು. ಬಶಾಕ್ ಸ್ಪೀಕರ್ ಹಾಕಿದರು. ಆ ಕಡೆಯಿಂದ ಕೇಳಿದ್ದು ಮನೆಯ ಮಾತಲ್ಲ, ಚುನಾವಣಾ ಭಾಷಣ. ಸೆಲಾಹತ್ತಿನ್ ದೆಮಿರ್ತಾಶ್ ಆಗ ತುರ್ಕಿಯ ಅಧ್ಯಕ್ಷ ಸ್ಥಾನದ ಅಭ್ಯರ್ಥಿ. ಎದುರಾಳಿಗಳು ಊರೂರು ಸುತ್ತಿ ಮೈದಾನ ತುಂಬಿಸುತ್ತಿದ್ದಾಗ ಅವರ ಪಾಲಿಗೆ ಇದ್ದದ್ದು ಆ ಹತ್ತು ನಿಮಿಷ ಮಾತ್ರ. ಮನೆಯವರು ಅದನ್ನು ಚಿತ್ರೀಕರಿಸಿಕೊಂಡರು. ಸಂಜೆಯ ಹೊತ್ತಿಗೆ ದೇಶವೆಲ್ಲ ಅದನ್ನು ನೋಡುತ್ತಿತ್ತು.

ಅಭ್ಯರ್ಥಿಗಳಿಗೆ ಸರ್ಕಾರಿ ಟಿ.ವಿ.ಯಲ್ಲಿ ಮಾತಾಡುವ ಹಕ್ಕು ಕಾನೂನಿನಲ್ಲೇ ಇತ್ತು. ಆದ್ದರಿಂದ ಟಿಆರ್‌ಟಿ ವಾಹಿನಿಯವರು ಕ್ಯಾಮೆರಾ ಹೊತ್ತು ಜೈಲಿಗೇ ಹೋಗಬೇಕಾಯಿತು. ಕೈದಿಯ ಭಾಷಣ ದೇಶದ ಪರದೆಯ ಮೇಲೆ ಎರಡು ಸಲ ಬಂತು. ಜೂನ್ 24ರಂದು ಮತದಾನ ನಡೆದಾಗ ಅವರಿಗೆ ಬಿದ್ದದ್ದು 42 ಲಕ್ಷ ಮತ, ಶೇ 8.4. ಒಂದು ದಿನವೂ ಬೀದಿಗೆ ಇಳಿಯದೆ ಗಳಿಸಿದ ಮತ ಅದು.

ಕುರ್ದ್ ಜನಾಂಗದ ರಾಜಕೀಯ ಪಕ್ಷವೊಂದರ ನಾಯಕ ತುರ್ಕಿಯಂಥ ದೇಶದಲ್ಲಿ ಇಷ್ಟು ಎತ್ತರಕ್ಕೆ ಬೆಳೆದದ್ದು ಹೇಗೆ, ಆ ಎತ್ತರಕ್ಕೆ ಅವರು ತೆತ್ತ ಬೆಲೆ ಏನು ಎಂಬುದು ದೊಡ್ಡ ಕಥೆ. ಅದಕ್ಕೆ ಮೊದಲು ಒಂದು ಮಾತು ಹೇಳಬೇಕು. ತುರ್ಕಿಯ ಕಾನೂನಿನ ಪ್ರಕಾರ ಕುರ್ದರು ಅಲ್ಪಸಂಖ್ಯಾತರೇ ಅಲ್ಲ. 1923ರ ಲೌಸಾನ್ ಒಪ್ಪಂದದ ನಂತರ ಆ ಮಾನ್ಯತೆ ಸಿಕ್ಕಿದ್ದು ಮುಸ್ಲಿಮೇತರರಾದ ಗ್ರೀಕರು, ಅರ್ಮೇನಿಯನ್ನರು ಮತ್ತು ಯಹೂದಿಗಳಿಗೆ. ಮುಸ್ಲಿಮರಾದ ಕುರ್ದರನ್ನು ತುರ್ಕರೆಂದೇ ಬರೆದುಕೊಂಡರು. ಜನಸಂಖ್ಯೆಯ ಶೇ 15ರಿಂದ 20ರಷ್ಟು ಇರಬಹುದೆಂದು ಅಂದಾಜಿಸಲಾದ ಒಂದು ಜನಾಂಗವನ್ನು ದಶಕಗಳ ಕಾಲ ‘ಬೆಟ್ಟದ ತುರ್ಕರು’ ಎಂದು ಕರೆದು ಕೈತೊಳೆದುಕೊಂಡರು. 1980ರ ಸೇನಾ ದಂಗೆಯ ಮೇಲೆ ಬಂದ ಸರ್ಕಾರ 1983ರಲ್ಲಿ ಕಾನೂನು ತಂದು ಅವರ ಭಾಷೆಯನ್ನೇ ನಿಷೇಧಿಸಿತು. ಅದು ರದ್ದಾದದ್ದು 1991ರಲ್ಲಿ. ಕುರ್ದಿಶ್ ಬರೆಯಲು ಬೇಕಾದ ಕ್ಯು, ಡಬ್ಲ್ಯು, ಎಕ್ಸ್ ಅಕ್ಷರಗಳು ತುರ್ಕಿ ವರ್ಣಮಾಲೆಯಲ್ಲಿ ಇಲ್ಲದ ಕಾರಣ, ಆ ಮೂರು ಅಕ್ಷರಗಳ ಮೇಲಿನ ನಿರ್ಬಂಧ ತೆಗೆಯಲು 2013ರಲ್ಲಿ ಸರ್ಕಾರ ಪ್ರತ್ಯೇಕ ಸುಧಾರಣೆಯನ್ನೇ ಘೋಷಿಸಬೇಕಾಯಿತು. ಮಗುವಿಗೆ ತಮ್ಮ ಭಾಷೆಯ ಹೆಸರಿಡಲೂ ತಂದೆತಾಯಿ ಕಚೇರಿಯ ಬಾಗಿಲಲ್ಲಿ ವಾದಿಸಬೇಕಾದ ಕಾಲ ಅದು.

ದೆಮಿರ್ತಾಶ್ ಹುಟ್ಟಿದ್ದು 1973ರ ಏಪ್ರಿಲ್ 10ರಂದು, ಎಲಾಝಿಗ್ ಪ್ರಾಂತ್ಯದ ಪಾಲು ಎಂಬ ಊರಿನಲ್ಲಿ. ಕುರ್ದರಲ್ಲೇ ಝಾಝಾ ಭಾಷೆಯಾಡುವ ಕುಟುಂಬ. ತಂದೆ ಕೊಳಾಯಿ ಕೆಲಸಗಾರ. ಏಳು ಮಕ್ಕಳಲ್ಲಿ ಇವರು ಎರಡನೆಯವರು. ಬೆಳೆದದ್ದು ದಿಯಾರ್‌ಬಕಿರ್‌ನಲ್ಲಿ, ಕುರ್ದರು ತಮ್ಮ ರಾಜಧಾನಿ ಎಂದೇ ಭಾವಿಸುವ ನಗರದಲ್ಲಿ. 1991ರ ಜುಲೈನಲ್ಲಿ ಅಲ್ಲಿನ ಕುರ್ದ್ ನಾಯಕ ವೆದಾತ್ ಆಯ್ದಿನ್ ಅವರನ್ನು ಮನೆಯಿಂದ ಕರೆದೊಯ್ದವರು ಕೊಂದು ಎಸೆದರು. ಶವಯಾತ್ರೆಗೆ ಸೇರಿದ ಜನಸಾಗರದ ಮೇಲೆ ಗುಂಡು ಹಾರಿತು. ಆಗ ಹದಿನೆಂಟರ ಯುವಕನಾಗಿದ್ದ ತಾನು ಬದಲಾದದ್ದು ಆ ದಿನ ಎಂದು ದೆಮಿರ್ತಾಶ್ ಆಮೇಲೆ ಹೇಳಿಕೊಂಡಿದ್ದಾರೆ. ಆ ಪ್ರಾಂತ್ಯದಲ್ಲಿ ಆ ದಶಕದಲ್ಲಿ ಹಾಗೆ ಬದಲಾದ ಎಷ್ಟೋ ಹುಡುಗರು ಬೆಟ್ಟ ಹತ್ತಿ ಪಿಕೆಕೆ ಸೇರಿದರು. 1984ರಿಂದ ಸರ್ಕಾರದ ವಿರುದ್ಧ ಶಸ್ತ್ರ ಹಿಡಿದಿದ್ದ ಸಂಘಟನೆ ಅದು. ಆ ಯುದ್ಧದಲ್ಲಿ 40 ಸಾವಿರಕ್ಕೂ ಹೆಚ್ಚು ಜನ ಸತ್ತಿದ್ದಾರೆ. ದೆಮಿರ್ತಾಶ್ ಕಾನೂನು ಓದಲು ಅಂಕಾರಾಕ್ಕೆ ಹೋದರು. ವಕೀಲರಾಗಿ ಊರಿಗೆ ಮರಳಿ ಮಾನವ ಹಕ್ಕುಗಳ ಸಂಘದ ದಿಯಾರ್‌ಬಕಿರ್ ಶಾಖೆಯಲ್ಲಿ ದುಡಿದರು, ಅದರ ಮುಖ್ಯಸ್ಥರೂ ಆದರು. ಠಾಣೆಯಲ್ಲಿ ಕಾಣೆಯಾದವರು, ಸುಟ್ಟ ಹಳ್ಳಿಗಳು, ಹಂತಕರು ಸಿಗದ ಕೊಲೆಗಳು. ಅವರ ರಾಜಕೀಯದ ಪಾಠಶಾಲೆ ಈ ಕಡತಗಳೇ.

ಕುರ್ದ್ ಪಕ್ಷಗಳ ಚರಿತ್ರೆಯೆಂದರೆ ನಿಷೇಧಗಳ ಚರಿತ್ರೆ. 1990ರಲ್ಲಿ ಹುಟ್ಟಿದ ಎಚ್‌ಇಪಿಯನ್ನು 1993ರಲ್ಲಿ ಮುಚ್ಚಿದರು. ಅದರ ಜಾಗಕ್ಕೆ ಬಂದ ಡಿಇಪಿಯನ್ನು 1994ರಲ್ಲಿ, ಹಾದೆಪ್ ಅನ್ನು 2003ರಲ್ಲಿ, ಡಿಟಿಪಿಯನ್ನು 2009ರಲ್ಲಿ. ಒಂದು ಪಕ್ಷಕ್ಕೆ ಬೀಗ ಬೀಳುವ ಮೊದಲೇ ಇನ್ನೊಂದರ ಫಲಕ ಸಿದ್ಧವಾಗಿರುತ್ತಿತ್ತು. 1991ರಲ್ಲಿ ಸಂಸತ್ತಿಗೆ ಬಂದ ಲೇಲಾ ಝಾನಾ ತುರ್ಕಿ ಭಾಷೆಯಲ್ಲಿ ಪ್ರಮಾಣವಚನ ಮುಗಿಸಿ, ಕೊನೆಗೆ ಕುರ್ದಿಶ್‌ನಲ್ಲಿ ಎರಡೂ ಜನರ ಸೋದರತ್ವಕ್ಕೆ ಒಂದು ಮಾತು ಸೇರಿಸಿದ್ದರು. ಅದೇ ದೊಡ್ಡ ಗದ್ದಲವಾಯಿತು. 1994ರಲ್ಲಿ ಅವರನ್ನು ಬಂಧಿಸಲಾಯಿತು, ಹತ್ತು ವರ್ಷ ಜೈಲಿನಲ್ಲಿದ್ದರು. ಇಂಥ ಪರಂಪರೆಯ ಮುಂದುವರಿಕೆಯಾಗಿ 2007ರಲ್ಲಿ, 34ನೇ ವಯಸ್ಸಿನಲ್ಲಿ, ದೆಮಿರ್ತಾಶ್ ದಿಯಾರ್‌ಬಕಿರ್‌ನಿಂದ ಸಂಸತ್ತಿಗೆ ಆರಿಸಿಬಂದರು.

ಬಂದದ್ದು ಪಕ್ಷೇತರರಾಗಿ. ಅದಕ್ಕೂ ಕಾರಣವಿದೆ. ದೇಶದ ಒಟ್ಟು ಮತದಲ್ಲಿ ಶೇ 10 ಪಡೆಯದ ಪಕ್ಷಕ್ಕೆ ಸಂಸತ್ತಿನಲ್ಲಿ ಒಂದು ಸ್ಥಾನವೂ ಇಲ್ಲವೆಂಬ, 2022ರವರೆಗೂ ಇದ್ದ ನಿಯಮ ಸೇನಾಡಳಿತದ ಕೊಡುಗೆಯಾಗಿತ್ತು. ಕುರ್ದ್ ಪಕ್ಷ ದಿಯಾರ್‌ಬಕಿರ್‌ನಲ್ಲಿ ಎಷ್ಟೇ ದೊಡ್ಡ ಬಹುಮತ ಪಡೆದರೂ ದೇಶದ ಲೆಕ್ಕದಲ್ಲಿ ಮಿತಿ ದಾಟದಿದ್ದರೆ ಆ ಸ್ಥಾನಗಳೆಲ್ಲ ಎರಡನೆಯವರ ಪಾಲಾಗುತ್ತಿದ್ದವು. ಪಕ್ಷೇತರರಿಗೆ ಈ ಮಿತಿ ಅನ್ವಯಿಸದ ಕಾರಣ ಆ ದಾರಿ ಹಿಡಿದರು. ಗೆದ್ದ ಮೇಲೆ ಸಂಸತ್ತಿನಲ್ಲಿ ಒಂದು ಗುಂಪಾಗಿ ಸೇರುತ್ತಿದ್ದರು. ಪಕ್ಷ ಬದುಕಿತು ನಿಜ. ಆದರೆ ಈ ದಾರಿಯಲ್ಲಿ ಅದು ಎಂದೆಂದಿಗೂ ಒಂದು ಪ್ರಾಂತ್ಯದ ಪಕ್ಷವಾಗಿಯೇ ಉಳಿಯಬೇಕಿತ್ತು.

ದೆಮಿರ್ತಾಶ್ ಅವರ ಹಿರಿಮೆಯನ್ನು ನಾನು ಕಾಣುವುದು ಇಲ್ಲಿಯೇ. ಅವರು ಆ ಚೌಕಟ್ಟನ್ನು ಒಪ್ಪಲಿಲ್ಲ. ಕುರ್ದ್ ಚಳವಳಿಯೊಂದಿಗೆ ತುರ್ಕಿಯ ಎಡಪಂಥೀಯರು, ಮಹಿಳಾ ಸಂಘಟನೆಗಳು, ಪರಿಸರವಾದಿಗಳು ಸೇರಿ 2012ರಲ್ಲಿ ಎಚ್‌ಡಿಪಿ, ಅಂದರೆ ಜನಸಮುದಾಯಗಳ ಪ್ರಜಾಸತ್ತಾತ್ಮಕ ಪಕ್ಷ ರೂಪುಗೊಂಡಿತು. 2014ರಲ್ಲಿ ದೆಮಿರ್ತಾಶ್ ಮತ್ತು ಫಿಗೆನ್ ಯುಕ್ಸೆಕ್‌ದಾಗ್ ಅದರ ಸಹ ಅಧ್ಯಕ್ಷರಾದರು. ನಾಯಕತ್ವದ ಹುದ್ದೆಗಳಿಗೆ ಒಬ್ಬ ಪುರುಷ, ಒಬ್ಬ ಮಹಿಳೆ ಎಂಬುದು ಆ ಪಕ್ಷದ ಕಟ್ಟಳೆ. ಯುಕ್ಸೆಕ್‌ದಾಗ್ ಕುರ್ದ್ ಅಲ್ಲ, ತುರ್ಕ್ ಮನೆತನದವರು ಎಂಬುದೂ ಗಮನಿಸಬೇಕಾದ ಸಂಗತಿ. ಅದೇ ಆಗಸ್ಟ್‌ನಲ್ಲಿ ಅಧ್ಯಕ್ಷ ಚುನಾವಣೆ ಬಂತು. ಆಗಿನ ಪ್ರಧಾನಿ ಎರ್ಡೊಗನ್ ಶೇ 51.8 ಮತ ಪಡೆದು ಗೆದ್ದರು. ಮೂರನೆಯವರಾಗಿ ಬಂದ ದೆಮಿರ್ತಾಶ್ ಅವರಿಗೆ ಶೇ 9.76. ಅದುವರೆಗೆ ಶೇ 6ರ ಆಸುಪಾಸಿನಲ್ಲೇ ಇದ್ದ ಚಳವಳಿ ಅದು.

ಜನ ಅವರಲ್ಲಿ ಕಂಡದ್ದೇನು? ನಗುಮುಖ, ಕೂಡಲೇ ಹೊಳೆಯುವ ಹಾಸ್ಯ, ಸಿಟ್ಟಿಲ್ಲದ ದೃಢ ಮಾತು. ಟಿ.ವಿ.ಗೆ ಕರೆದರೆ ಬಾಗ್ಲಾಮಾ ನುಡಿಸುತ್ತ ಹಾಡುತ್ತಿದ್ದರು. ತಂಬೂರಿಯಂತೆ ಉದ್ದ ಕತ್ತಿನ ಈ ತಂತಿವಾದ್ಯ ತುರ್ಕರಿಗೂ ಕುರ್ದರಿಗೂ ಅಲೆವಿ ಪಂಥದವರಿಗೂ ಸಮಾನ ಆಸ್ತಿ. ಅಭಿಮಾನಿಗಳು ‘ಸೆಲೊ’ ಎಂದು ಕರೆದರು, ಪಾಶ್ಚಾತ್ಯ ಪತ್ರಕರ್ತರು ‘ಕುರ್ದರ ಒಬಾಮಾ’ ಎಂದು ಬರೆದರು. ಆದರೆ ವರ್ಚಸ್ಸು ಎಂದಷ್ಟೇ ಹೇಳಿ ಮುಗಿಸಿದರೆ ಅನ್ಯಾಯವಾದೀತು. ಇಸ್ತಾಂಬುಲ್‌ನ ಕಾರ್ಮಿಕ, ಇಜ್ಮಿರ್‌ನ ಕಾಲೇಜು ಹುಡುಗಿ, ಅಲೆವಿ ಪಂಥದ ವೃದ್ಧ, ಇವರೆಲ್ಲರಿಗೆ ಕುರ್ದರ ಸಂಕಟ ತಮ್ಮದೇ ಸಂಕಟದ ಇನ್ನೊಂದು ಮುಖ ಎಂದು ಮನಗಾಣಿಸುವ ಮಾತುಗಾರಿಕೆ ಅವರಿಗಿಂತ ಮೊದಲು ಯಾವ ಕುರ್ದ್ ನಾಯಕನಿಗೂ ಇರಲಿಲ್ಲ.

2015ರ ಮಾರ್ಚ್ 17ರ ಭಾಷಣವನ್ನು ನೋಡಿ. ಪ್ರಧಾನಿಯ ಕೈಯಲ್ಲಿದ್ದ ಅಧಿಕಾರವನ್ನೆಲ್ಲ ಅಧ್ಯಕ್ಷರಿಗೆ ಕೊಡುವಂತೆ ಸಂವಿಧಾನ ತಿದ್ದಬೇಕೆಂದು ಎರ್ಡೊಗನ್ ಹಟ ಹಿಡಿದಿದ್ದರು. ಕುರ್ದರು ಸರ್ಕಾರ ಪಿಕೆಕೆ ಜೊತೆ ನಡೆಸುತ್ತಿದ್ದ ಶಾಂತಿ ಮಾತುಕತೆಯ ಆಸೆಗೆ ಅದನ್ನು ಒಪ್ಪಿ ಕೈಜೋಡಿಸುತ್ತಾರೆಂಬ ಗುಮಾನಿ ವಿರೋಧ ಪಕ್ಷಗಳಲ್ಲಿತ್ತು. ತಮ್ಮ ಸಂಸದರ ಸಭೆಯಲ್ಲಿ ಎದ್ದು ನಿಂತ ದೆಮಿರ್ತಾಶ್ ಕೆಲವೇ ನಿಮಿಷ ಮಾತಾಡಿದರು. ‘ನಾವು ನಿನ್ನನ್ನು ಅಧ್ಯಕ್ಷನಾಗಲು ಬಿಡುವುದಿಲ್ಲ’ ಎಂಬ ಒಂದೇ ವಾಕ್ಯವನ್ನು ಮೂರು ಸಲ ಹೇಳಿ ಕುಳಿತರು. ಅಧ್ಯಕ್ಷ ಸ್ಥಾನದಲ್ಲಿ ಎರ್ಡೊಗನ್ ಆಗಲೇ ಇದ್ದರು. ದೆಮಿರ್ತಾಶ್ ತಡೆಯುತ್ತೇವೆಂದದ್ದು ಸರ್ವಾಧಿಕಾರದ ಅಧ್ಯಕ್ಷಗಿರಿಯನ್ನು. ಎಂದೂ ಕುರ್ದ್ ಪಕ್ಷಕ್ಕೆ ಮತ ಹಾಕದವರು ಆ ವಾಕ್ಯವನ್ನು ಕೇಳಿ ತಲೆಯೆತ್ತಿ ನೋಡಿದರು. ಕುರ್ದರ ಪಕ್ಷ ಕುರ್ದರಿಗಾಗಿ ಮಾತ್ರವಲ್ಲ, ದೇಶದ ಪ್ರಜಾಪ್ರಭುತ್ವಕ್ಕಾಗಿ ನಿಂತಿತ್ತು.

ಆ ವರ್ಷದ ಸಂಸತ್ ಚುನಾವಣೆಗೆ ಪಕ್ಷೇತರರ ಸುರಕ್ಷಿತ ದಾರಿಯನ್ನು ಬಿಟ್ಟು ಪಕ್ಷವಾಗಿಯೇ ಇಳಿದರು. ಶೇ 10 ದಾಟದಿದ್ದರೆ ಇದ್ದದ್ದೂ ಹೋಗುತ್ತಿತ್ತು. ಪಟ್ಟಿಯಲ್ಲಿ ಅರ್ಮೇನಿಯನ್ನರು, ಯಝೀದಿಗಳು, ಅಸಿರಿಯನ್ ಕ್ರೈಸ್ತರು, ಅಲೆವಿಗಳು, ಹೆಚ್ಚಿನ ಸಂಖ್ಯೆಯ ಮಹಿಳೆಯರು ಇದ್ದರು. ಪ್ರಚಾರದುದ್ದಕ್ಕೂ ಕಚೇರಿಗಳ ಮೇಲೆ ದಾಳಿ ನಡೆಯಿತು. ಮತದಾನಕ್ಕೆ ಎರಡು ದಿನವಿದ್ದಾಗ ದಿಯಾರ್‌ಬಕಿರ್‌ನ ಸಮಾವೇಶದಲ್ಲಿ ದೆಮಿರ್ತಾಶ್ ವೇದಿಕೆಗೆ ಬರುವ ಹೊತ್ತಿಗೆ ಬಾಂಬ್ ಸಿಡಿದು ಜನ ಸತ್ತರು, ನೂರಾರು ಮಂದಿ ಗಾಯಗೊಂಡರು. ಪ್ರಚೋದನೆಗೆ ಒಳಗಾಗಬೇಡಿ, ಶಾಂತವಾಗಿರಿ ಎಂದು ಅವರು ಬೆಂಬಲಿಗರಲ್ಲಿ ಬೇಡಿಕೊಂಡರು. ಜೂನ್ 7ರ ರಾತ್ರಿ ಫಲಿತಾಂಶ ಬಂತು: ಶೇ 13.1 ಮತ, 80 ಸ್ಥಾನ, 60 ಲಕ್ಷಕ್ಕೂ ಹೆಚ್ಚು ಮತದಾರರು. 2002ರಿಂದ ಒಂಟಿಯಾಗಿ ಆಳುತ್ತಿದ್ದ ಎರ್ಡೊಗನ್ ಪಕ್ಷ ಮೊದಲ ಸಲ ಬಹುಮತ ಕಳೆದುಕೊಂಡಿತು. ಬೇರೆ ಪಕ್ಷಗಳ ಒಲವಿದ್ದೂ ತಮಗೆ ಮತ ಹಾಕಿದವರಿಗೆ ಆ ರಾತ್ರಿ ದೆಮಿರ್ತಾಶ್ ಧನ್ಯವಾದ ಹೇಳಿದರು. ಅದನ್ನು ಅವರು ‘ಎಮಾನೆತ್’ ಎಂದರು, ನಂಬಿಕೆಯಿಂದ ಕೈಗಿಟ್ಟ ಒತ್ತೆ.

ಆ ಸಂತೋಷ ಉಳಿದದ್ದು ಆರು ವಾರ. ಜುಲೈ 20ರಂದು ಗಡಿಯ ಸುರುಚ್ ಪಟ್ಟಣದಲ್ಲಿ ಇಸ್ಲಾಮಿಕ್ ಸ್ಟೇಟ್ (ಐಎಸ್) ಉಗ್ರನ ಬಾಂಬಿಗೆ ಮೂವತ್ತಕ್ಕೂ ಹೆಚ್ಚು ಯುವಜನ ಬಲಿಯಾದರು. ಎರಡು ದಿನದ ನಂತರ ಇಬ್ಬರು ಪೊಲೀಸರ ಹತ್ಯೆಯಾಯಿತು. ಯುದ್ಧವಿಮಾನಗಳು ಇರಾಕಿನ ಬೆಟ್ಟಗಳ ಪಿಕೆಕೆ ನೆಲೆಗಳತ್ತ ಹಾರಿದವು. ಎರಡೂವರೆ ವರ್ಷದ ಶಾಂತಿ ಮಾತುಕತೆ ಮಣ್ಣುಪಾಲಾಯಿತು. ಅಕ್ಟೋಬರ್ 10ರಂದು ಅಂಕಾರಾದ ರೈಲು ನಿಲ್ದಾಣದ ಮುಂದೆ ಶಾಂತಿ ಮೆರವಣಿಗೆಗೆ ಸೇರಿದ್ದವರಲ್ಲಿ ನೂರಕ್ಕೂ ಹೆಚ್ಚು ಜನ ಬಾಂಬಿಗೆ ಸತ್ತರು. ನವೆಂಬರ್ 1ರ ಮರುಚುನಾವಣೆಯಲ್ಲಿ ಎಚ್‌ಡಿಪಿ ಶೇ 10.8ಕ್ಕೆ ಇಳಿದರೂ ಮಿತಿಯ ಮೇಲೇ ಉಳಿದು 59 ಸ್ಥಾನ ಪಡೆಯಿತು. ಎರ್ಡೊಗನ್ ಪಕ್ಷಕ್ಕೆ ಬಹುಮತ ಮರಳಿ ಸಿಕ್ಕಿತು.

ದೆಮಿರ್ತಾಶ್ ಅವರನ್ನು ಮೆಚ್ಚುವವರೂ ಕೇಳಿಕೊಳ್ಳಬೇಕಾದ ಪ್ರಶ್ನೆಗಳಿವೆ. 2014ರ ಅಕ್ಟೋಬರ್‌ನಲ್ಲಿ ಸಿರಿಯಾದ ಕೊಬಾನಿ ನಗರವನ್ನು ಐಎಸ್ ಸುತ್ತುವರಿದು, ಅಲ್ಲಿನ ಕುರ್ದರು ಗಡಿಯಾಚೆಯ ತಮ್ಮವರ ಕಣ್ಣೆದುರೇ ಸಾಯುತ್ತಿದ್ದಾಗ, ಬೀದಿಗಿಳಿಯಿರಿ ಎಂದು ಎಚ್‌ಡಿಪಿ ಟ್ವಿಟರ್ ಮೂಲಕ ಕರೆ ಕೊಟ್ಟಿತು. ನಂತರದ ಗಲಭೆಯಲ್ಲಿ ಹತ್ತಾರು ಜನ ಸತ್ತರು. ಸತ್ತವರಲ್ಲಿ ಬಹುಪಾಲು ಪಕ್ಷದ ಬೆಂಬಲಿಗರೇ. ಆದರೆ ದಿಯಾರ್‌ಬಕಿರ್‌ನಲ್ಲಿ ಬಕ್ರೀದ್ ಮಾಂಸ ಹಂಚಲು ಹೊರಟಿದ್ದ ಒಬ್ಬ ಹದಿಹರೆಯದ ಹುಡುಗನನ್ನೂ ಅವನ ಜೊತೆಗಾರರನ್ನೂ ಗುಂಪು ಅಟ್ಟಾಡಿಸಿ ಕೊಂದಿತು. ಹೊತ್ತಿ ಉರಿಯುತ್ತಿದ್ದ ಊರುಗಳಲ್ಲಿ ಅಂಥ ಕರೆ ಕೊಡುವ ಮೊದಲು ಪಕ್ಷ ಹೆಚ್ಚು ಯೋಚಿಸಬೇಕಿತ್ತು. 2015ರ ಚಳಿಗಾಲದಲ್ಲಿ ಪಿಕೆಕೆಯ ಯುವಕರು ಪಟ್ಟಣಗಳಲ್ಲಿ ಕಂದಕ ತೋಡಿ ಬಂದೂಕು ಹಿಡಿದಾಗಲೂ ದೆಮಿರ್ತಾಶ್ ಅವರಿಂದ ಜನ ಬಯಸಿದಷ್ಟು ಸ್ಪಷ್ಟ ವಿರೋಧ ಬರಲಿಲ್ಲ. ಸಂಸತ್ತು ಮತ್ತು ಬೆಟ್ಟದ ನಡುವೆ ನಿಂತ ನಾಯಕನ ಇಕ್ಕಟ್ಟು ಅರ್ಥವಾಗುತ್ತದೆ. ಆದರೂ ನಂಬಿಕೆಯಿಂದ ಮತ ಕೊಟ್ಟ ಇಸ್ತಾಂಬುಲ್‌ನವರಿಗೆ ಆಗ ಉತ್ತರ ಸಿಗಲಿಲ್ಲ. ಇದೆಲ್ಲ ರಾಜಕೀಯ ವಿಮರ್ಶೆಗೆ ಒಳಪಡಬೇಕಾದ ಲೋಪ. ಸೆರೆಗೆ ತಳ್ಳುವಂಥ ಅಪರಾಧ ಇದರಲ್ಲಿ ಇಲ್ಲ.

2016ರ ಮೇ 20ರಂದು ಸಂಸತ್ತು ಸಂಸದರ ಕಾನೂನು ರಕ್ಷಣೆಯನ್ನು ತೆಗೆದುಹಾಕಿತು. ತಿದ್ದುಪಡಿ ಸಂವಿಧಾನಕ್ಕೆ ವಿರುದ್ಧ ಎನ್ನುತ್ತಲೇ ಮುಖ್ಯ ವಿರೋಧ ಪಕ್ಷದ ನಾಯಕ ಕೆಮಾಲ್ ಕಿಲಿಚ್‌ದಾರೋಲು ಅದಕ್ಕೆ ಬೆಂಬಲ ಕೊಟ್ಟರು. ಜುಲೈನಲ್ಲಿ ವಿಫಲ ಸೇನಾ ದಂಗೆ, ತುರ್ತುಪರಿಸ್ಥಿತಿ. ನವೆಂಬರ್ 4ರ ನಡುರಾತ್ರಿ ಪೊಲೀಸರು ದೆಮಿರ್ತಾಶ್ ಅವರನ್ನು ದಿಯಾರ್‌ಬಕಿರ್‌ನ ಮನೆಯಿಂದ ಕರೆದೊಯ್ದರು. ಅದೇ ರಾತ್ರಿ ಯುಕ್ಸೆಕ್‌ದಾಗ್ ಮತ್ತು ಹಲವು ಸಂಸದರ ಬಂಧನವೂ ಆಯಿತು. ದೆಮಿರ್ತಾಶ್ ಅವರನ್ನು ಇರಿಸಿದ್ದು ದೇಶದ ಇನ್ನೊಂದು ತುದಿಯಲ್ಲಿ, ಬಲ್ಗೇರಿಯಾ ಮತ್ತು ಗ್ರೀಸ್ ಗಡಿಗೆ ಹೊಂದಿಕೊಂಡ ಎದಿರ್ನೆಯ ಬಿಗಿ ಭದ್ರತೆಯ ಜೈಲಿನಲ್ಲಿ. ಮನೆಯಿಂದ 1,500 ಕಿಲೋಮೀಟರಿಗೂ ಹೆಚ್ಚು ದೂರ. ವಾರದ ಭೇಟಿಗೆ ಬಶಾಕ್ ಆ ದಾರಿಯನ್ನೆಲ್ಲ ಕ್ರಮಿಸಬೇಕಿತ್ತು.

ಅಲ್ಲಿ ದೆಮಿರ್ತಾಶ್ ಕಥೆಗಾರರಾದರು. 2017ರಲ್ಲಿ ‘ಸೆಹೆರ್’ ಎಂಬ ಕಥಾಸಂಕಲನ ಬಂತು. ಹಿಂಸೆಗೆ ಬಲಿಯಾದ ಹೆಣ್ಣುಮಕ್ಕಳಿಗೆ ಅರ್ಪಿಸಿದ ಆ ಪುಸ್ತಕ ತುರ್ಕಿಯಲ್ಲಿ ಲಕ್ಷಗಟ್ಟಲೆ ಪ್ರತಿ ಮಾರಾಟವಾಯಿತು. ಶೀರ್ಷಿಕೆ ಕಥೆಯ ಸೆಹೆರ್ ಬಟ್ಟೆ ಕಾರ್ಖಾನೆಯಲ್ಲಿ ದುಡಿಯುವ ಹುಡುಗಿ. ನಂಬಿದವನಿಂದಲೇ ಅತ್ಯಾಚಾರಕ್ಕೆ ಒಳಗಾದ ಅವಳನ್ನು ಮನೆಯ ಗಂಡಸರೇ ಮರ್ಯಾದೆಯ ಹೆಸರಿನಲ್ಲಿ ಕೊಲ್ಲುತ್ತಾರೆ. ತುರ್ಕಿ ಸರ್ಕಾರವನ್ನು ಬೈಯಲು ಎಲ್ಲ ಕಾರಣವಿದ್ದ ಕೈದಿ ಮೊದಲು ಬರೆದದ್ದು ತನ್ನದೇ ಸಮಾಜದ ಗಂಡಸರ ಕ್ರೌರ್ಯದ ಬಗ್ಗೆ. ಇನ್ನೊಂದು ಕಥೆಯಲ್ಲಿ ಜೈಲಿನ ಅಂಗಳದ ಮೇಲೆ ಗುಬ್ಬಿ ದಂಪತಿ ಗೂಡು ಕಟ್ಟುತ್ತವೆ. ಅಧಿಕಾರಿ ಗುಬ್ಬಿಗಳು ಗೂಡು ಕೆಡವಲು ಬರುತ್ತವೆ. ಗಂಡು ಅಂಜಿ ಹಿಂದೆ ಸರಿಯುತ್ತದೆ, ಹೆಣ್ಣು ಗುಬ್ಬಿ ಎದುರಿಸಿ ನಿಲ್ಲುತ್ತದೆ. ನೋಡುತ್ತ ನಿಂತ ಕೈದಿಗೆ ತನ್ನೊಳಗಿನ ಗಂಡಸಿನ ಬಗ್ಗೆ ನಾಚಿಕೆಯಾಗುತ್ತದೆ. ಕೈದಿಗಳ ಪತ್ರಗಳನ್ನೆಲ್ಲ ಮೊದಲು ಓದುವ ಜೈಲು ಸಮಿತಿಗೇ ಬರೆದ ಪತ್ರದ ರೂಪದ ಕಥೆಯೂ ಅದರಲ್ಲಿದೆ. ಮುಂದೆ ‘ದೆವ್ರಾನ್’ ಕಥೆಗಳು, ‘ಲೇಲಾನ್’ ಕಾದಂಬರಿ ಬಂದವು. ‘ಸೆಹೆರ್’ ಇಂಗ್ಲಿಷ್ ಸೇರಿ ಹಲವು ಭಾಷೆಗಳಿಗೆ ಹೋಗಿದೆ. ಭಾಷಣಕ್ಕೆ ಕಿವಿಗೊಡದ ಮನೆಗಳಿಗೂ ಕಥೆ ಹೋಗಿ ಕುಳಿತಿತು.

ಜೈಲು ನಾಯಕನನ್ನು ಮರೆಯಿಸುತ್ತದೆ ಎಂದು ನಂಬಿದವರಿಗೆ ತುರ್ಕಿಯ ಇತ್ತೀಚಿನ ಇತಿಹಾಸದಲ್ಲೇ ಉತ್ತರವಿದೆ. ಇಸ್ತಾಂಬುಲ್ ಮೇಯರ್ ಆಗಿದ್ದ ಎರ್ಡೊಗನ್ 1997ರಲ್ಲಿ ಸಭೆಯೊಂದರಲ್ಲಿ ಓದಿದ ಕವಿತೆಗಾಗಿ ಶಿಕ್ಷೆಗೊಳಗಾಗಿ 1999ರಲ್ಲಿ ನಾಲ್ಕು ತಿಂಗಳು ಸೆರೆಯಲ್ಲಿದ್ದರು. ಅವರ ರಾಜಕೀಯ ಅಲ್ಲಿಗೆ ಮುಗಿಯಿತು ಎಂದು ಪತ್ರಿಕೆಗಳು ಬರೆದವು. ನಾಲ್ಕು ವರ್ಷದೊಳಗೆ ಅವರು ಪ್ರಧಾನಿಯಾದರು. ಅವರಿದ್ದ ಪಿನಾರ್‌ಹಿಸಾರ್ ಜೈಲು ಎದಿರ್ನೆಯ ನೆರೆಯ ಪ್ರಾಂತ್ಯದಲ್ಲೇ ಇದೆ.

ನ್ಯಾಯಾಲಯಗಳ ಕಥೆ ಚಿಕ್ಕದಾಗಿ ಹೇಳುತ್ತೇನೆ. 2018ರಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ದೆಮಿರ್ತಾಶ್ ಪರ ತೀರ್ಪು ಕೊಟ್ಟಿತು. 2019ರ ಸೆಪ್ಟೆಂಬರ್‌ನಲ್ಲಿ ತುರ್ಕಿಯ ನ್ಯಾಯಾಲಯವೇ ಬಿಡುಗಡೆಗೆ ಆದೇಶಿಸಿದರೂ ಅವರು ಹೊರಬರುವ ಮುನ್ನವೇ ಕೊಬಾನಿ ಗಲಭೆಯ ಪ್ರಕರಣದಲ್ಲಿ ಹೊಸದಾಗಿ ಬಂಧನವಾಯಿತು. 2020ರ ಡಿಸೆಂಬರ್ 22ರಂದು ಯುರೋಪಿನ ನ್ಯಾಯಾಲಯದ ಮಹಾಪೀಠ ಇನ್ನೂ ಕಟುವಾಗಿ ಹೇಳಿತು. ಈ ಸೆರೆಯ ಒಳ ಉದ್ದೇಶ ಬಹುತ್ವವನ್ನು ಹತ್ತಿಕ್ಕುವುದು, ಕೂಡಲೇ ಬಿಡಿ ಎಂದಿತು. ಬೀದಿಗಿಳಿಯುವ ಕರೆ ರಾಜಕೀಯ ಮಾತಿನ ಎಲ್ಲೆಯೊಳಗೇ ಇತ್ತು ಎಂದೂ ಹೇಳಿತು. ತುರ್ಕಿ ಒಪ್ಪಲಿಲ್ಲ. 108 ಆರೋಪಿಗಳ ಕೊಬಾನಿ ಪ್ರಕರಣದಲ್ಲಿ 2024ರ ಮೇ 16ರಂದು ತೀರ್ಪು ಬಂತು. ಸಾವುಗಳ ಆರೋಪದಿಂದ ದೆಮಿರ್ತಾಶ್ ಖುಲಾಸೆಯಾದರು. ಆದರೂ ದೇಶದ ಏಕತೆ ಕೆಡಿಸಲು ನೆರವಾದದ್ದೂ ಸೇರಿ ಬೇರೆ ಬೇರೆ ಆರೋಪಗಳಿಗೆ 42 ವರ್ಷ ಸೆರೆವಾಸ.

ಇದರ ನಡುವೆ 2023ರ ಅಧ್ಯಕ್ಷ ಚುನಾವಣೆ ನಡೆಯಿತು. ವಕೀಲರ ಮೂಲಕ ಹೊರಬರುವ ಟ್ವೀಟ್‌ಗಳಲ್ಲಿ ದೆಮಿರ್ತಾಶ್ ಮತ ಕೇಳಿದ್ದು ಕಿಲಿಚ್‌ದಾರೋಲು ಅವರಿಗೆ. ತನ್ನನ್ನು ಸೆರೆಗೆ ಕಳಿಸಿದ ತಿದ್ದುಪಡಿಗೆ ಒಪ್ಪಿಗೆ ಕೊಟ್ಟಿದ್ದವರಿಗೆ. ಸೇಡಿನ ರಾಜಕಾರಣವೇ ವಾಡಿಕೆಯಾದ ದೇಶದಲ್ಲಿ ಅದಕ್ಕೆ ಬೇಕಾದ ಮನಸ್ಸು ದೊಡ್ಡದು. ಎರ್ಡೊಗನ್ ಮತ್ತೆ ಗೆದ್ದರು. ಅಂದು ರಾತ್ರಿ ಅವರ ಅರಮನೆಯ ಮುಂದೆ ಸೇರಿದ್ದ ಗುಂಪಿನಿಂದ ‘ಸೆಲೊನನ್ನು ಗಲ್ಲಿಗೇರಿಸಿ’ ಎಂಬ ಕೂಗು ಕೇಳಿಬಂತು. ಆರೂವರೆ ವರ್ಷದಿಂದ ಒಂದು ಸಭೆಯಲ್ಲೂ ಕಾಣದ ಮನುಷ್ಯನ ಹೆಸರು ಗೆದ್ದವರ ಬಾಯಲ್ಲಿ! ಪಕ್ಷದ ಹಿನ್ನಡೆಯ ನಂತರ ಸಕ್ರಿಯ ರಾಜಕಾರಣದಿಂದ ಸರಿಯುವುದಾಗಿ ದೆಮಿರ್ತಾಶ್ ಪ್ರಕಟಿಸಿದರು. ಜನ ಅವರನ್ನು ಸರಿಯಲು ಬಿಡಲಿಲ್ಲ.

2024ರ ಅಕ್ಟೋಬರ್‌ನಲ್ಲಿ ಗಾಳಿ ತಿರುಗಿತು. ಕಟ್ಟಾ ತುರ್ಕ್ ರಾಷ್ಟ್ರವಾದಿ, ಎರ್ಡೊಗನ್ ಮಿತ್ರ ದೆವ್ಲೆತ್ ಬಾಹ್ಚೆಲಿ ಸಂಸತ್ತಿನಲ್ಲಿ ಕುರ್ದ್ ಸಂಸದರ ಕೈ ಕುಲುಕಿದರು. 1999ರಿಂದ ಇಮ್ರಾಲಿ ದ್ವೀಪದಲ್ಲಿ ಸೆರೆಯಲ್ಲಿರುವ ಪಿಕೆಕೆ ಸಂಸ್ಥಾಪಕ ಅಬ್ದುಲ್ಲಾ ಒಜಲಾನ್ 2025ರ ಫೆಬ್ರುವರಿ 27ರಂದು ಶಸ್ತ್ರ ಕೆಳಗಿಡಲು ಕರೆ ಕೊಟ್ಟರು. ಮೇ ತಿಂಗಳಲ್ಲಿ ಪಿಕೆಕೆ ತನ್ನ ವಿಸರ್ಜನೆಯನ್ನು ಪ್ರಕಟಿಸಿತು. ಜುಲೈನಲ್ಲಿ ಅದರ ಕೆಲವು ಹೋರಾಟಗಾರರು ಇರಾಕಿನ ಸುಲೈಮಾನಿಯಾ ಬಳಿ ಬಂದೂಕುಗಳನ್ನು ಬೆಂಕಿಗೆ ಹಾಕಿದರು. ನವೆಂಬರ್ ಆರಂಭದಲ್ಲಿ, 2019ರ ಮರುಬಂಧನದ ಕುರಿತ ತೀರ್ಪಿನ ವಿರುದ್ಧ ತುರ್ಕಿ ಸಲ್ಲಿಸಿದ್ದ ಕೊನೆಯ ಮೇಲ್ಮನವಿಯನ್ನೂ ಯುರೋಪಿನ ನ್ಯಾಯಾಲಯ ತಿರಸ್ಕರಿಸಿದಾಗ, ದೆಮಿರ್ತಾಶ್ ಬಿಡುಗಡೆಯಿಂದ ದೇಶಕ್ಕೆ ಒಳಿತಾಗುತ್ತದೆ ಎಂದು ಹೇಳಿದ್ದೂ ಅದೇ ಬಾಹ್ಚೆಲಿ. ಆ ವಾರ ದೆಮಿರ್ತಾಶ್ ಅವರ ಸೆರೆಗೆ ಒಂಬತ್ತು ವರ್ಷ ತುಂಬಿತ್ತು.

ಕುರ್ದರ ನಾಯಕನಾಗಿಯೇ ಉಳಿದಿದ್ದರೆ ದೆಮಿರ್ತಾಶ್ ಅವರನ್ನು ತುರ್ಕಿ ಸಹಿಸಿಕೊಳ್ಳುತ್ತಿತ್ತೇನೋ. ತುರ್ಕರ ಮತವನ್ನೂ ಗೆಲ್ಲಬಲ್ಲ ಕುರ್ದ್ ನಾಯಕನನ್ನು ಅದು ಸಹಿಸಲಿಲ್ಲ. ನಲವತ್ತು ವರ್ಷ ಬಂದೂಕು ಹಿಡಿದವರೊಡನೆ ಮಾತಾಡಲು ಸಿದ್ಧವಾದ ಸರ್ಕಾರ, ಭಾಷಣ, ಕಥೆ ಮತ್ತು ಮತಪೆಟ್ಟಿಗೆಯನ್ನು ನಂಬಿದವನಿಗೆ 42 ವರ್ಷ ವಿಧಿಸಿರುವುದಕ್ಕೆ ಯಾವ ಸಮರ್ಥನೆಯೂ ಇಲ್ಲ. ಆ ಶಿಕ್ಷೆ ರದ್ದಾಗಬೇಕು. ಯುರೋಪಿನ ನ್ಯಾಯಾಲಯದ ಅಂತಿಮ ತೀರ್ಪನ್ನು ತುರ್ಕಿ ಅಕ್ಷರಶಃ ಪಾಲಿಸಬೇಕು.